ಸೆಲ್ ಅಂಡ್ ಜೀನ್ ಥೆರಪಿ ಎಂಎಸ್ಸಿ: ಸಾಲ ಮಾಡಿ ಲಂಡನ್‌ಗೆ ಹೋಗೋದಾ, ಇಲ್ಲೇ ಓದೋದಾ?

ಅಡಿಕೆಸಿಪ್ಪೆ
ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಮುಗೀತಾ ಬಂತು. ಬಯೋಟೆಕ್, ಜೆನೆಟಿಕ್ಸ್, ಕೆಮಿಸ್ಟ್ರಿ ಕಾಂಬಿನೇಷನ್. ಲಂಡನ್‌ನ ಯುಸಿಎಲ್‌ನಲ್ಲಿ (ಯೂನಿವರ್ಸಿಟಿ ಕಾಲೇಜ್ ಲಂಡನ್) ಸೆಲ್ ಅಂಡ್ ಜೀನ್ ಥೆರಪಿ, ಅಂದ್ರೆ ಜೀವಕೋಶ, ಜೀನ್‌ಗಳನ್ನೇ ಔಷಧಿಯಾಗಿ ಬಳಸೋ ಚಿಕಿತ್ಸೆ, ಅದರ ಎಂಎಸ್ಸಿಗೆ ಆಫರ್ ಬಂದಿದೆ, ಈ ಸೆಪ್ಟೆಂಬರ್‌ಗೆ ಶುರು. ಒಂದೇ ವರ್ಷದ ಕೋರ್ಸು. ಫೀಸೇ 30 ಲಕ್ಷ ದಾಟುತ್ತೆ, ಇರೋದು ತಿನ್ನೋದು ಸೇರಿದ್ರೆ 50 ಲಕ್ಷದ ಮೇಲೆ ಅಂತ ಲೆಕ್ಕ ಹಾಕಿದೀವಿ. ಇನ್ನೊಂದು ಕಡೆ ಬಯೋಟೆಕ್ ಎಂಎಸ್ಸಿ ಪ್ರವೇಶ ಪರೀಕ್ಷೆ ಗ್ಯಾಟ್-ಬಿ ಬರೆದಿದೀನಿ, ಸ್ಕೋರ್ ಪರವಾಗಿಲ್ಲ. ಬರೋಡಾ ಅಥವಾ ಮಧುರೈನಲ್ಲಿ ಎಂಎಸ್ಸಿ ಬಯೋಟೆಕ್ ಸೀಟು ಸಿಗಬಹುದು, ಅಲ್ಲಿ ತಿಂಗಳಿಗೆ 5,000 ಸ್ಟೈಪೆಂಡೂ ಇದೆ.

ಅಪ್ಪ ತೋಟದ ಪತ್ರ ಬ್ಯಾಂಕಿಗೆ ಕೊಡ್ತೀನಿ, ನೀನು ಹೋಗು ಅಂತಿದಾರೆ. ತೀರ್ಥಹಳ್ಳಿ ಕಡೆಯವರಿಗೆ ಗೊತ್ತಿರುತ್ತೆ, ಎಲೆಚುಕ್ಕಿ ರೋಗ ಬಂದ್ಮೇಲೆ ತೋಟದ ಆದಾಯ ಏನಾಗಿದೆ ಅಂತ. ಅದಕ್ಕೇ ನಂಗೆ ಧೈರ್ಯ ಬರ್ತಿಲ್ಲ.

ಕೇಳೋದು ಇಷ್ಟೇ: ಸರ್ಟಿಫಿಕೇಟಲ್ಲಿ "ಸೆಲ್ ಅಂಡ್ ಜೀನ್ ಥೆರಪಿ" ಅಂತ ಇದ್ರೇನೇ ಈ ಲೈನಿಗೆ ಹೋಗೋಕಾಗೋದಾ? ಇಲ್ಲೇ ಸಾಮಾನ್ಯ ಎಂಎಸ್ಸಿ ಮಾಡಿದ್ರೆ ಬಾಗಿಲು ಮುಚ್ಚಿಹೋಗುತ್ತಾ? ಈ ಫೀಲ್ಡಲ್ಲಿ ಇರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಮೂಲೆಮನೆ_ಮಂಜ
ಫಾಲೋಯಿಂಗ್. ನನ್ನ ತಂಗಿದೂ ಇದೇ ಕಥೆ.

ಹುಬ್ಬಳ್ಳಿ_ಮಿರ್ಚಿ
ತಂಗಿ, ನಾ ಬ್ಯಾಂಕಿನ್ಯಾಗ ಇರಾಂವ, ವಿಜ್ಞಾನ ಗಿಜ್ಞಾನ ಗೊತ್ತಿಲ್ಲ. ಖರೆ ಒಂದ ಮಾತ ಹೇಳ್ತೇನಿ. ಅಪ್ಪಾರು ತೋಟದ ಪತ್ರ ಕೊಡ್ತೇನಿ ಅಂದ್ರ ಬ್ಯಾಂಕಿನವ್ರು ತೊಗೋಬೇಕಲ್ಲ! ಎಜುಕೇಶನ್ ಲೋನಿಗೆ ಕೃಷಿ ಜಮೀನು ಅಡ ಇಟ್ಕೊಳ್ಳಾಕ ಭಾಳ ಬ್ಯಾಂಕು ಒಪ್ಪಂಗಿಲ್ಲ. ಯಾಕಂದ್ರ ಸಾಲ ಮುಳುಗಿದ್ರ ವಸೂಲಿ ಮಾಡೋ ಸರ್ಫೇಸಿ ಕಾಯ್ದೆದಾಗ ಕೃಷಿ ಭೂಮಿ ಮುಟ್ಟಾಕ ಬರಂಗಿಲ್ಲ. ಮನಿ, ಎನ್‌ಎ (ಕೃಷಿಯೇತರ) ಆದ ಸೈಟು, ಎಫ್‌ಡಿ ಇದ್ರ ಕೇಳ್ತಾರ. ಇಲ್ಲಾಂದ್ರ ಪ್ರೈವೇಟ್ ಫೈನಾನ್ಸ್ ಕಂಪನಿ ಕಡೆ ಹೋಗಬೇಕು, ಅಲ್ಲಿ ಬಡ್ಡಿ ಕೇಳಿದ್ರ ಎದಿ ಒಡೀತದ. ಮೊದಲ ಶಾಖೆಗೆ ಹೋಗಿ ಇದನ್ನ ಕೇಳ್ರಿ, ಆಮ್ಯಾಲ ಲಂಡನ್ ಮಾತಾಡೋಣು.

ಅಡಿಕೆಸಿಪ್ಪೆ
ಅಯ್ಯೋ, ಇದು ಗೊತ್ತೇ ಇರ್ಲಿಲ್ಲ ಸರ್. ಶಿವಮೊಗ್ಗದಲ್ಲಿ ಅಜ್ಜನ ಹೆಸರಲ್ಲಿ ಒಂದು ಸೈಟ್ ಇದೆ, ಆದ್ರೆ ಅದಕ್ಕೆ ದೊಡ್ಡಪ್ಪಂದಿರೂ ಇದಾರೆ.

ಹುಬ್ಬಳ್ಳಿ_ಮಿರ್ಚಿ
ಅಜ್ಜನ ಹೆಸರಿನ ಸೈಟು ಅಂದ್ರ ಎಲ್ಲಾರ ಸಹಿ ಬೇಕು. ಲಂಡನ್ ಕೋರ್ಸ್ ಒಂದ ವರ್ಷ, ದೊಡ್ಡಪ್ಪಗೋಳ ಸಹಿ ಎರಡ ವರ್ಷ 😄

ಪಿಪೆಟ್_ಪುಟ್ಟಣ್ಣ
ನಾನು ಬೆಂಗಳೂರಲ್ಲಿ ಸೆಲ್ ಥೆರಪಿ ತಯಾರಿಕೆ ಘಟಕದಲ್ಲಿ ಕೆಲಸ ಮಾಡ್ತೀನಿ. ಕಂಪನಿ ಹೆಸರು ಕೇಳ್ಬೇಡಿ. ಸ್ವಲ್ಪ ಉದ್ದ ಬರೀತೀನಿ, ಈ ಕೆಲಸ ಏನು ಅಂತಾನೇ ಗೊತ್ತಿಲ್ದೆ ಜನ ಕೋರ್ಸ್ ಆರಿಸ್ತಾರೆ.

ಕಾರ್-ಟಿ ಅನ್ನೋ ರಕ್ತದ ಕ್ಯಾನ್ಸರ್ ಚಿಕಿತ್ಸೆ ಅಂದ್ರೆ ಪೇಷಂಟ್‌ದೇ ಟಿ ಕಣ (ರೋಗದ ವಿರುದ್ಧ ಹೋರಾಡೋ ಬಿಳಿ ರಕ್ತಕಣ) ತೆಗೆದು, ಲೆಂಟಿವೈರಲ್ ವೆಕ್ಟರ್ (ಜೀನ್ ಹೊತ್ತೊಯ್ಯೋ ಪಳಗಿಸಿದ ವೈರಸ್) ಮೂಲಕ ಹೊಸ ಜೀನ್ ಸೇರಿಸಿ, ಬೆಳೆಸಿ, ಫ್ರೀಜ್ ಮಾಡಿ, ವಾಪಸ್ ಅವರಿಗೇ ಕೊಡೋದು. ಪುಸ್ತಕದಲ್ಲಿ ನಾಲ್ಕು ಬಾಣದ ಚಿತ್ರ. ನಮ್ಮ ಕಡೆ ನೋಡಿ: ಆಸ್ಪತ್ರೆಯಿಂದ ಅಫೆರಿಸಿಸ್ ಬ್ಯಾಗ್ (ಪೇಷಂಟ್ ರಕ್ತದಿಂದ ಬೇರ್ಪಡಿಸಿದ ಬಿಳಿ ಕಣ) ಬರುತ್ತೆ. ಮಾತ್ರೆ ಕಾರ್ಖಾನೆಯಲ್ಲಿ ಒಂದು ಬ್ಯಾಚ್ ಅಂದ್ರೆ ಲಕ್ಷ ಮಾತ್ರೆ, ಇಲ್ಲಿ ಒಂದು ಬ್ಯಾಚ್ ಅಂದ್ರೆ ಒಬ್ಬ ಮನುಷ್ಯ. ಒಂದು ವಾರ, ಹತ್ತು ದಿನ ಬೆಳೆಸ್ಬೇಕು. ನಡುವೆ ಎಲ್ಲಾದ್ರೂ ಬ್ಯಾಕ್ಟೀರಿಯಾ ಸೇರ್ತು ಅಂದ್ರೆ ಆ ಬ್ಯಾಚ್ ಹೋಯ್ತು. ಮತ್ತೆ ಕಣ ತೆಗೆಯೋಕೆ ಆ ಪೇಷಂಟ್ ಮೈಯಲ್ಲಿ ಶಕ್ತಿ ಉಳಿದಿರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಹಾಗಾಗಿ ನಾವು ಹುಡುಗರನ್ನ ತಗೊಳ್ಳೋವಾಗ ನೋಡೋದು ಕೈ. ಗೌನಿಂಗ್ (ಕ್ಲೀನ್ ರೂಮಿನ ಸೂಟು ಹಾಕೋದು) ಮಾಡೋವಾಗ ಸೂಟಿನ ತೋಳು ನೆಲಕ್ಕೆ ತಾಗಿದ್ರೆ ತೆಗೆದು ಎಸೆದು ಮೊದಲಿಂದ. ಕೆಲಸ ಮುಗಿಸಿ ಗ್ಲೌಸ್ ಹಾಕಿದ ಐದೂ ಬೆರಳನ್ನ ಅಗಾರ್ ಪ್ಲೇಟ್ (ಸೂಕ್ಷ್ಮಜೀವಿ ಬೆಳೆಯೋ ತಟ್ಟೆ) ಮೇಲೆ ಒತ್ತಿಸ್ತೀವಿ. ಆಮೇಲೆ ಅದರಲ್ಲಿ ಒಂದೇ ಒಂದು ಬ್ಯಾಕ್ಟೀರಿಯಾ ಕಾಲನಿ ಎದ್ರೂ ನೀವು ಕೂತು ವಿವರಣೆ ಬರೀಬೇಕು. ಬ್ಯಾಚ್ ರೆಕಾರ್ಡ್‌ನಲ್ಲಿ ತಪ್ಪಾದ್ರೆ ವೈಟ್ನರ್ ಇಲ್ಲ, ಗೀಚಂಗಿಲ್ಲ. ಒಂದೇ ಗೆರೆ ಎಳೆದು, ಸರಿಯಾದ್ದು ಬರೆದು, ಸಹಿ, ತಾರೀಕು. ಪೋಷಕಾಂಶದ ದ್ರವದಲ್ಲಿ ಇಡೀ ಪ್ರಕ್ರಿಯೆಯ ನಾಟಕ ಆಡಿ, ಏನೂ ಬೆಳೀಲಿಲ್ಲ ಅಂತ ಸಾಬೀತಾಗೋವರೆಗೆ ಪೇಷಂಟ್ ಬ್ಯಾಗ್ ಮುಟ್ಟೋಕೆ ಬಿಡಲ್ಲ.

ನಮ್ಮಲ್ಲಿ ಮೈಕ್ರೋಬಯಾಲಜಿ ಎಂಎಸ್ಸಿಯವರಿದಾರೆ, ಬಿ-ಫಾರ್ಮಾದವರಿದಾರೆ, ಬ್ಲಡ್ ಬ್ಯಾಂಕಿನಿಂದ ಬಂದ ಟೆಕ್ನಿಷಿಯನ್ ಒಬ್ರಿದಾರೆ. ಅವರಷ್ಟು ಚೊಕ್ಕ ಕೆಲಸ ಇನ್ಯಾರೂ ಮಾಡಲ್ಲ. ಫಾರಿನ್ ಎಂಎಸ್ಸಿಯವರೂ ಇದಾರೆ, ಅವರಿಗೂ ಅದೇ ತರಬೇತಿ, ಶುರುವಿಗೆ ಹೆಚ್ಚು ಕಮ್ಮಿ ಅದೇ ಸಂಬಳ. 50 ಲಕ್ಷ ಸಾಲ ಈ ಸಂಬಳದಲ್ಲಿ ತೀರಲ್ಲ ತಂಗಿ.

ಲಂಡನ್_ಲಿಂಗ
ಪುಟ್ಟಣ್ಣ ಹೇಳಿದ್ದು ಅವರ ಘಟಕದ ಮಟ್ಟಿಗೆ ನಿಜ. ಆದ್ರೆ ಇದು ಪೂರ್ತಿ ಚಿತ್ರ ಅಲ್ಲ. ನಾನು ಇಂಗ್ಲೆಂಡಲ್ಲಿ ಇದೇ ತರದ ಎಂಎಸ್ಸಿ ಮಾಡಿ ಈಗ ಸ್ಟೀವನೇಜ್‌ನಲ್ಲಿ ಇದೀನಿ. ಇಲ್ಲಿ ಸೆಲ್ ಅಂಡ್ ಜೀನ್ ಥೆರಪಿ ಕ್ಯಾಟಪಲ್ಟ್ ಅನ್ನೋ ಸಂಸ್ಥೆಯ ತಯಾರಿಕಾ ಕೇಂದ್ರ ಇದೆ, ಸುತ್ತ ಕಂಪನಿಗಳೂ ಇವೆ.

ಯುಸಿಎಲ್ ಕೋರ್ಸು ನಡೆಯೋದು ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಗೆ ಅಂಟಿಕೊಂಡಿರೋ ಸಂಸ್ಥೆಯಲ್ಲಿ. 2022ರಲ್ಲಿ ಲೆಸ್ಟರ್‌ನ 13 ವರ್ಷದ ಅಲಿಸ್ಸಾ ಅನ್ನೋ ಹುಡುಗಿಗೆ ಟಿ-ಸೆಲ್ ಲ್ಯುಕೇಮಿಯಾಗೆ (ಒಂದು ಬಗೆಯ ರಕ್ತದ ಕ್ಯಾನ್ಸರ್) ಬೇಸ್ ಎಡಿಟ್ ಮಾಡಿದ, ಅಂದ್ರೆ ಡಿಎನ್‌ಎಯ ಒಂದೊಂದೇ ಅಕ್ಷರ ತಿದ್ದಿದ, ಕಾರ್-ಟಿ ಕೊಟ್ಟಿದ್ದು ಅಲ್ಲೇ. ದಾನಿಯ ಕಣಗಳು, ವಸೀಂ ಖಾಸಿಂ ಅವರ ತಂಡ. ಬೇಸ್ ಎಡಿಟಿಂಗ್ ಅನ್ನೋ ವಿಧಾನ ಬಂದಿದ್ದೇ 2016ರಲ್ಲಿ, ಆರೇ ವರ್ಷಕ್ಕೆ ಮಗು ಹಾಸಿಗೆ ಪಕ್ಕ ತಲುಪಿತು. ಅಂಥ ಕಡೆ ಪ್ರಾಜೆಕ್ಟ್ ಮಾಡೋ ಅವಕಾಶಕ್ಕೆ ಬೆಲೆ ಇಲ್ಲ ಅನ್ನೋದು ತಪ್ಪು.

ಈಗ ಕಹಿ ಭಾಗ. ಈ ಸೆಪ್ಟೆಂಬರ್‌ಗೆ ಬಂದ್ರೆ ಕೋರ್ಸ್ ಮುಗಿಯೋದು 2027ರಲ್ಲಿ. 2027ರ ಜನವರಿ 1ರಿಂದ ಅರ್ಜಿ ಹಾಕೋ ಎಂಎಸ್ಸಿಯವರಿಗೆ ಓದು ಮುಗಿದ ಮೇಲೆ ಇದ್ದು ಕೆಲಸ ಮಾಡೋ ಗ್ರಾಜುಯೇಟ್ ವೀಸಾ ಎರಡು ವರ್ಷ ಅಲ್ಲ, 18 ತಿಂಗಳು. ಆಮೇಲೆ ಸ್ಕಿಲ್ಡ್ ವರ್ಕರ್ ವೀಸಾಗೆ ಕನಿಷ್ಠ ಸಂಬಳದ ಮಿತಿ 2025ರ ಜುಲೈನಿಂದ ವರ್ಷಕ್ಕೆ 41,700 ಪೌಂಡ್. ಹೊಸಬರಿಗೆ ರಿಯಾಯಿತಿ ಅಂದ್ರೂ 33,400. ಲ್ಯಾಬ್ ಟೆಕ್ನಿಷಿಯನ್ ಕೆಲಸಗಳು ಎಷ್ಟೋ ಸಲ ಅದಕ್ಕಿಂತ ಕೆಳಗೇ ಇರುತ್ತೆ. ನನ್ನ ಬ್ಯಾಚಿನ ಭಾರತೀಯರಲ್ಲಿ ಅರ್ಧಕ್ಕರ್ಧ ವಾಪಸ್ ಹೋದ್ರು.

ಕೋಡಿಂಗ್_ಕೆಂಪೇಗೌಡ
ಯಾಕ್ ಸುಮ್ನೆ ತಲೆಬಿಸಿ. ಪೈಥಾನ್ ಕಲೀರಿ, ಬಯೋಇನ್ಫರ್ಮ್ಯಾಟಿಕ್ಸ್‌ಗೆ ಹೋಗಿ. ಇನ್ನೈದು ವರ್ಷದಲ್ಲಿ ಈ ಪಿಪೆಟ್ ಕೆಲಸ ಎಲ್ಲಾ ಎಐ ಮಾಡುತ್ತೆ.

ಪಿಪೆಟ್_ಪುಟ್ಟಣ್ಣ
@ಕೋಡಿಂಗ್_ಕೆಂಪೇಗೌಡ ನಿಮ್ಮ ಎಐಗೆ ಗೌನ್ ಹಾಕ್ಸಿ ಕಳ್ಸಿ ಗುರು, ನಾಳೆ ನೈಟ್ ಶಿಫ್ಟಿಗೆ ಜನ ಕಮ್ಮಿ ಇದಾರೆ.

ಕೋಡಿಂಗ್_ಕೆಂಪೇಗೌಡ
ನಗ್ತಿರಿ ನಗ್ತಿರಿ. ಮುಚ್ಚಿದ ಯಂತ್ರದೊಳಗೇ ಎಲ್ಲಾ ಆಗೋ ಸಿಸ್ಟಮ್ ಬಂದಿಲ್ವಾ?

ಪಿಪೆಟ್_ಪುಟ್ಟಣ್ಣ
ಬಂದಿದೆ, ಪ್ರಾಡಿಜಿ ಅಂತ ಮಿಲ್ಟೆನಿಯವರದ್ದು. ಟ್ಯೂಬ್ ಸೆಟ್ ಜೋಡಿಸೋದು, ಸ್ಯಾಂಪಲ್ ತೆಗೆಯೋದು, ಅರ್ಧರಾತ್ರಿ ಅಲಾರಂ ಹೊಡೆದ್ರೆ ಓಡೋದು ಮನುಷ್ಯರೇ. ಆದ್ರೂ ನಿಮ್ಮ ಮಾತಲ್ಲಿ ಕಾಲು ಭಾಗ ಒಪ್ತೀನಿ. ಸೀಕ್ವೆನ್ಸಿಂಗ್ ಡೇಟಾ ಓದೋಕೆ ಬರೋರು ಸಿಗಲ್ಲ ನಮಗೆ.

ಕುಡ್ಲದ_ಮೀನು
ಮಾರಾಯ್ರೆ, ಎಲ್ಲರೂ ಕಾರ್ಖಾನೆ ಕೆಲಸದ ವಿಷಯವೇ ಹೇಳ್ತಾ ಇದ್ದೀರಿ. ಹುಡುಗಿಗೆ ರಿಸರ್ಚ್ ಆಸೆ ಉಂಟಾ, ಉದ್ಯೋಗ ಸಾಕಾ, ಅದನ್ನು ಯಾರೂ ಕೇಳಲಿಲ್ಲ. ರಿಸರ್ಚ್ ಅಂತಾದ್ರೆ ಎಂಎಸ್ಸಿಯ ಹೆಸರು ನೋಡುವವರು ಯಾರೂ ಇಲ್ಲ, ಪಿಎಚ್‌ಡಿ ಎಲ್ಲಿ ಅಂತ ನೋಡುವುದು. ಬಿಎಸ್ಸಿ ಆದ ಮೇಲೆ ನೇರ ಇಂಟಿಗ್ರೇಟೆಡ್ ಪಿಎಚ್‌ಡಿಗೆ (ಎಂಎಸ್ಸಿಯೂ ಸೇರಿದ್ದು) ಹೋಗಬಹುದಲ್ವಾ? ಐಐಎಸ್ಸಿಗೆ ಜ್ಯಾಮ್ ಪರೀಕ್ಷೆ ಬರೆಯಬೇಕು, ಎನ್‌ಸಿಬಿಎಸ್‌ಗೆ (ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ) ಜೀಬಿಲ್ಸ್ ಪರೀಕ್ಷೆ. ಎನ್‌ಸಿಬಿಎಸ್ ಪಕ್ಕದಲ್ಲೇ, ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲೇ ಸ್ಟೆಮ್ ಸೆಲ್ ಸಂಶೋಧನೆಯ ಇನ್‌ಸ್ಟೆಮ್ ಸಂಸ್ಥೆ ಉಂಟು. ಅದರದ್ದೇ ಘಟಕ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಸಿಎಸ್‌ಸಿಆರ್ ಅಂತ. ಫೀಸಿನ ಭಾರ ಇಲ್ಲ, ಅವರೇ ಫೆಲೋಶಿಪ್ ಕೊಡುವುದು. ನಾನು ಈಗ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ), ತಿಂಗಳಿಗೆ 37,000 ಮತ್ತು ಎಚ್‌ಆರ್‌ಎ. ಕೋಟ್ಯಧಿಪತಿ ಅಲ್ಲ, ಆದರೆ ಸಾಲಗಾರನೂ ಅಲ್ಲ.

ವೆಲ್ಲೂರಿನವರು ಮಾಡಿದ್ದು ಸಣ್ಣ ಕೆಲಸ ಅಂತ ತಿಳ್ಕೊಳ್ಳಬೇಡಿ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ-ಎ ಕಾಯಿಲೆಗೆ ಅಲೋಕ್ ಶ್ರೀವಾಸ್ತವ ಅವರ ತಂಡ ಅಮೆರಿಕದ ಎಮೋರಿ ವಿವಿ ಜೊತೆ ಸೇರಿ ಜೀನ್ ಥೆರಪಿ ಪ್ರಯೋಗ ಮಾಡಿತು. ಐದು ಜನ ರೋಗಿಗಳು. ಫಲಿತಾಂಶ 2024ರ ಡಿಸೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಬೇರೆ ಕಡೆ ಲಿವರ್‌ಗೆ ಎಎವಿ (ಅಡಿನೋ-ಅಸೋಸಿಯೇಟೆಡ್ ವೈರಸ್) ಅನ್ನುವ ವೈರಸ್ ಮೂಲಕ ಜೀನ್ ಕಳಿಸಿದರೆ, ಇವರು ರೋಗಿಯದ್ದೇ ರಕ್ತದ ಕಾಂಡಕೋಶ (ಸ್ಟೆಮ್ ಸೆಲ್) ಹೊರಗೆ ತೆಗೆದು ಲೆಂಟಿವೈರಸ್‌ನಿಂದ ಫ್ಯಾಕ್ಟರ್ 8ರ (ರಕ್ತ ಹೆಪ್ಪುಗಟ್ಟಿಸುವ ಪ್ರೊಟೀನ್) ಜೀನ್ ಹಾಕಿ ವಾಪಸ್ ಕೊಟ್ಟದ್ದು. ಎಎವಿಗೆ ಮೈಯಲ್ಲಿ ಮೊದಲೇ ಪ್ರತಿಕಾಯ ಇದ್ದವರನ್ನು ಕೈಬಿಡಬೇಕಾಗ್ತದೆ, ಇದಕ್ಕೆ ಆ ತಾಪತ್ರಯ ಇಲ್ಲ.

ದಾವಣಗೆರೆ_ಅಪ್ಪ
ನಾನು ಈ ಕೋರ್ಸ್ ವಿಷಯಕ್ಕೆ ಬಂದವನಲ್ಲ, ಹಿಮೋಫಿಲಿಯಾ ಅಂತ ಹುಡುಕುವಾಗ ಈ ಚರ್ಚೆ ಸಿಕ್ತು. ನನ್ನ ಮಗನಿಗೆ 9 ವರ್ಷ, ಫ್ಯಾಕ್ಟರ್ 8 ಕೊರತೆ. ಇಲ್ಲಿನ ಹಿಮೋಫಿಲಿಯಾ ಸೊಸೈಟಿಯಿಂದ ಬಹಳ ಸಹಾಯ ಆಗಿದೆ. ಮೊಣಕಾಲು ಆಗಾಗ ಊದುತ್ತೆ. ವೆಲ್ಲೂರಿನ ಈ ಚಿಕಿತ್ಸೆ ಮಕ್ಕಳಿಗೆ ಸಿಗುತ್ತಾ?

ಬಿಳಿಕೋಟು
@ದಾವಣಗೆರೆ_ಅಪ್ಪ ಸರ್, ನಾನು ರಕ್ತರೋಗ ವಿಭಾಗದ ಡಾಕ್ಟರ್. ಸದ್ಯಕ್ಕೆ ಇಲ್ಲ. ಅದು ವಯಸ್ಕರ ಮೇಲೆ ಮಾಡಿದ ಮೊದಲ ಹಂತದ ಪ್ರಯೋಗ. ಕಾಂಡಕೋಶ ವಾಪಸ್ ಹಾಕೋ ಮುಂಚೆ ಕೀಮೋ ಕೊಟ್ಟು ಮಜ್ಜೆಯಲ್ಲಿ ಜಾಗ ಮಾಡ್ಬೇಕು, ಅದು ಹಗುರವಾದ ವಿಷಯ ಅಲ್ಲ. ನಿಮ್ಮ ಮಗನಿಗೆ ಈಗ ಮುಖ್ಯ ಅಂದ್ರೆ ರಕ್ತ ಸೋರೋ ಮುಂಚೆಯೇ ಕೊಡೋ ಪ್ರೊಫಿಲ್ಯಾಕ್ಸಿಸ್, ಮತ್ತೆ ಫಿಸಿಯೋಥೆರಪಿ. ಎಮಿಸಿಜುಮ್ಯಾಬ್ ಅನ್ನೋ ಔಷಧಿ ಬಗ್ಗೆ ನಿಮ್ಮ ಸೆಂಟರಿನಲ್ಲಿ ಕೇಳಿ. ಮೊಣಕಾಲು ಕೆಡದಂತೆ ಕಾಪಾಡಿಕೊಂಡ್ರೆ ಮುಂದೆ ಬರೋ ಚಿಕಿತ್ಸೆಗೆ ಅವನು ಗಟ್ಟಿಯಾಗಿ ಸಿಗ್ತಾನೆ.

ಇನ್ನು ಪೋಸ್ಟ್ ಹಾಕಿದ ಹುಡುಗಿಗೆ. ನೀವೆಲ್ಲ ಕಣ ಫ್ರೀಜರ್‌ಗೆ ಹೋಗೋವರೆಗೆ ಮಾತಾಡಿದ್ರಿ, ನಮ್ಮ ಕೆಲಸ ಶುರುವಾಗೋದು ಅದು ಕರಗಿದ ಮೇಲೆ. ಕಾರ್-ಟಿ ಕೊಟ್ಟ ನಂತರ ಜ್ವರ, ಬಿಪಿ ಇಳಿಯೋದು, ಅದಕ್ಕೆ ಟೊಸಿಲಿಜುಮ್ಯಾಬ್ ಅನ್ನೋ ಔಷಧಿ, ಕೆಲವೊಮ್ಮೆ ಐಸಿಯು. ಮಿದುಳಿನ ಮೇಲೆ ಪರಿಣಾಮ ಆಗ್ತಿದೆಯಾ ಅಂತ ಹಿಡಿಯೋಕೆ ದಿನಾ ಸಣ್ಣ ಪರೀಕ್ಷೆ: ಇದು ಯಾವ ಊರು, ಇದೇನು ವಸ್ತು, ನೂರರಿಂದ ಹತ್ತತ್ತು ಕಮ್ಮಿ ಮಾಡ್ತಾ ಎಣಿಸಿ, ಒಂದು ವಾಕ್ಯ ಬರೀರಿ. ನಮ್ಮಲ್ಲಿ ರಾಯಚೂರು ಕಡೆಯ ಒಬ್ಬ ಮೇಷ್ಟ್ರು ದಿನಾ "ನಮ್ಮೂರಲ್ಲಿ ಮಳೆ ಚೆನ್ನಾಗಿ ಬಂದಿದೆ" ಅಂತ ಬರೀತಿದ್ರು, ಮುತ್ತು ಪೋಣಿಸಿದ ಹಾಗೆ. ಒಂದು ಬೆಳಿಗ್ಗೆ ಒತ್ತಕ್ಷರ ಎಲ್ಲಾ ಬಿಟ್ಟುಹೋಗಿ, ಸಾಲು ಕೆಳಗೆ ಜಾರಿತ್ತು. ಎಣಿಕೆ ಸರಿಯಾಗೇ ಹೇಳಿದ್ರು, ಕೈಬರಹ ಮಾತ್ರ ಕೆಟ್ಟಿತ್ತು. ಅದನ್ನ ಮೊದಲು ನೋಡಿದ್ದು ಕನ್ನಡ ಓದೋಕೆ ಬರೋ ನರ್ಸ್. ತಕ್ಷಣ ಸ್ಟೀರಾಯ್ಡ್ ಶುರು ಮಾಡಿದ್ವಿ. ಮೇಷ್ಟ್ರು ಚೇತರಿಸಿಕೊಂಡು ಮನೆಗೆ ಹೋದ್ರು.

ಇದನ್ನ ಯಾಕೆ ಹೇಳಿದೆ ಅಂದ್ರೆ, ಕ್ಲಿನಿಕಲ್ ಟ್ರಯಲ್ ಕೋಆರ್ಡಿನೇಟರ್, ಸೆಲ್ ಥೆರಪಿ ಕೋಆರ್ಡಿನೇಟರ್ ಅನ್ನೋ ಕೆಲಸಗಳಿಗೆ ವಿಜ್ಞಾನವೂ ಗೊತ್ತಿರೋ, ರೋಗಿ ಮನೆಯವರ ಜೊತೆ ಕೂತು ಒಪ್ಪಿಗೆ ಪತ್ರ ಬಿಡಿಸಿ ಹೇಳೋಕೂ ಬರೋ ಜನ ಬೇಕು. ಜೀನ್ ಥೆರಪಿ ತಗೊಂಡವರನ್ನ 15 ವರ್ಷ ಫಾಲೋಅಪ್ ಮಾಡ್ಬೇಕು. 2024ರ ಜನವರಿಯಲ್ಲಿ ಅಮೆರಿಕದ ಎಫ್‌ಡಿಎ ಕಾರ್-ಟಿ ಔಷಧಗಳ ಮೇಲೆ ಟಿ-ಸೆಲ್ ಕ್ಯಾನ್ಸರ್ ಅಪಾಯದ ಎಚ್ಚರಿಕೆ ಹಾಕ್ಸಿತು. ಅಪಾಯ ಕಮ್ಮಿಯೇ, ಆದ್ರೆ ಲೆಕ್ಕ ಇಡೋರು ಬೇಕಲ್ಲ.

ದಾವಣಗೆರೆ_ಅಪ್ಪ
ಧನ್ಯವಾದ ಡಾಕ್ಟ್ರೇ. ಸೋಮವಾರ ಸೆಂಟರಿಗೆ ಹೋಗ್ತೇವೆ, ನೀವು ಹೇಳಿದ ಔಷಧಿ ಹೆಸರು ಬರೆದಿಟ್ಟುಕೊಂಡೆ.

ಗ್ಲೋಬಲ್_ಡ್ರೀಮ್ಸ್_ಕನ್ಸಲ್ಟ್
ಯುಕೆ, ಐರ್ಲೆಂಡ್, ಜರ್ಮನಿ ನೂರಕ್ಕೆ ನೂರು ವೀಸಾ ಗ್ಯಾರಂಟಿ! ಸ್ಕಾಲರ್‌ಶಿಪ್ ಕೂಡ! ಇನ್‌ಬಾಕ್ಸ್ ಮಾಡಿ.

ನಿರ್ವಾಹಕ
ಮೇಲಿನ ಖಾತೆಯನ್ನು ಬ್ಲಾಕ್ ಮಾಡಲಾಗಿದೆ. ಏಜೆಂಟರು ಬೇರೆ ಕಡೆ ಅಂಗಡಿ ಇಡಿ.

ಹುಬ್ಬಳ್ಳಿ_ಮಿರ್ಚಿ
ಭೇಷ್! ಇವ್ರಿಂದನಾ ಅರ್ಧ ಸಾಲ ಮುಳುಗ್ತಾವ.

ಡ್ರೆಸ್ಡನ್_ದೋಸೆ
ಲಂಡನ್ ಬಿಟ್ರೆ ಜಗತ್ತೇ ಇಲ್ವಾ? ಟಿಯು ಡ್ರೆಸ್ಡನ್‌ನಲ್ಲಿ ರಿಜನರೇಟಿವ್ ಬಯಾಲಜಿ ಅಂಡ್ ಮೆಡಿಸಿನ್ ಎಂಎಸ್ಸಿ ಇಂಗ್ಲಿಷಲ್ಲೇ ಇದೆ, ಎರಡು ವರ್ಷ. ಟ್ಯೂಷನ್ ಫೀ ಇಲ್ಲ, ಸೆಮಿಸ್ಟರ್‌ಗೆ ಒಂದಿಷ್ಟು ವಂತಿಗೆ ಅಷ್ಟೇ. ವೀಸಾಗೆ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ ತೋರಿಸ್ಬೇಕು, ಅದು ನಿಮ್ಮದೇ ದುಡ್ಡು, ತಿಂಗಳು ತಿಂಗಳು ವಾಪಸ್ ಬರುತ್ತೆ. ಪಕ್ಕದ ಲೈಪ್ಜಿಗ್‌ನ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ನೊವಾರ್ಟಿಸ್ ಕಂಪನಿಗೆ ಕಿಮ್ರಿಯಾ ಅನ್ನೋ ಕಾರ್-ಟಿ ತಯಾರಿಸಿಕೊಡ್ತಿದ್ರು. ಬಾಡೆನ್-ವ್ಯೂರ್ಟೆಂಬರ್ಗ್‌ನಲ್ಲಿ ಮಾತ್ರ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಫೀಸಿದೆ, ನೋಡ್ಕೊಳ್ಳಿ. ಸೀಟು ಕಮ್ಮಿ, ಪೈಪೋಟಿ ಜಾಸ್ತಿ. ಕೆಲಸಕ್ಕೆ ಜರ್ಮನ್ ಭಾಷೆ ಬೇಕೇ ಬೇಕು, ಅದನ್ನ ಯಾರೂ ಮುಂಚೆ ಹೇಳಲ್ಲ.

ಲಂಡನ್_ಲಿಂಗ
ಐರ್ಲೆಂಡನ್ನೂ ನೋಡಿ. ಗಾಲ್ವೇ ವಿವಿಯಲ್ಲಿ ಸೆಲ್ಯುಲರ್ ಮ್ಯಾನುಫ್ಯಾಕ್ಚರಿಂಗ್ ಅಂಡ್ ಥೆರಪಿ ಅಂತಾನೇ ಎಂಎಸ್ಸಿ ಇದೆ. ಓದು ಮುಗಿದ ಮೇಲೆ ಎರಡು ವರ್ಷ ಇರೋಕೆ ಬಿಡ್ತಾರೆ. ಔಷಧ ಕಂಪನಿಗಳು ತುಂಬಿಕೊಂಡಿರೋ ದೇಶ. ಮನೆ ಬಾಡಿಗೆ ಮಾತ್ರ ಯಾರೂ ಕೇಳ್ಬೇಡಿ.

ಶೇರುಪೇಟೆ_ಶಂಕ್ರ
ಹೊರಗಿನ ಹೂಡಿಕೆದಾರನ ಕಣ್ಣಲ್ಲಿ ನೋಡಿ ಒಂಚೂರು. ಬ್ಲೂಬರ್ಡ್ ಬಯೋ ಅನ್ನೋ ಅಮೆರಿಕನ್ ಕಂಪನಿ, ಥಲಸೀಮಿಯಾಗೆ 28 ಲಕ್ಷ ಡಾಲರ್ ಬೆಲೆಯ ಜೀನ್ ಥೆರಪಿ ತಂದವರು, 2025ರಲ್ಲಿ ಚಿಲ್ಲರೆ ಕಾಸಿಗೆ ಮಾರಾಟ ಆಯ್ತು. ಫೈಜರ್‌ನವರು ಹಿಮೋಫಿಲಿಯಾ-ಬಿಗೆ ಬೆಕ್ವೆಜ್ ಅಂತ ತಂದ್ರು, 2024ರ ಏಪ್ರಿಲ್‌ನಲ್ಲಿ ಒಪ್ಪಿಗೆ, 2025ರ ಫೆಬ್ರವರಿಯಲ್ಲಿ ಕೈಬಿಟ್ರು. 35 ಲಕ್ಷ ಡಾಲರ್ ಕೊಟ್ಟು ತಗೊಳ್ಳೋರು ಯಾರು? ವಿಜ್ಞಾನ ಗೆದ್ದು ವ್ಯಾಪಾರ ಸೋತಿರೋ ಲೈನು ಇದು. ಇದನ್ನ ನಂಬಿ 50 ಲಕ್ಷ ಸಾಲ ಮಾಡೋದು ಶುದ್ಧ ಜೂಜು.

ಕುಡ್ಲದ_ಮೀನು
@ಶೇರುಪೇಟೆ_ಶಂಕ್ರ ಅದು ಅಮೆರಿಕದ ಬೆಲೆಯ ಸಮಸ್ಯೆ, ವಿಜ್ಞಾನದ್ದಲ್ಲ. ಇಲ್ಲಿಯ ಕಥೆ ಬೇರೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನವರ ನೆಕ್ಸ್‌ಕಾರ್19 ಅನ್ನುವ ಕಾರ್-ಟಿಗೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ 40 ಲಕ್ಷದ ಆಸುಪಾಸು, ಅಮೆರಿಕದಲ್ಲಿ ಇಂಥದ್ದಕ್ಕೇ ನಾಲ್ಕು ಲಕ್ಷ ಡಾಲರ್ ಮೇಲೆ. ನಮ್ಮ ಬೊಮ್ಮಸಂದ್ರದಲ್ಲಿ ಇಮ್ಯುನೀಲ್‌ನವರು ಬಾರ್ಸಿಲೋನಾದ ಆಸ್ಪತ್ರೆಯ ತಂತ್ರಜ್ಞಾನ ತಂದು 2025ರ ಜನವರಿಯಲ್ಲಿ ಕಾರ್ಟೆಮಿ ಅನ್ನುವ ಕಾರ್-ಟಿ ಮಾರುಕಟ್ಟೆಗೆ ತಂದರು. ದೆಹಲಿಯ ಐಜಿಐಬಿ ಸಂಶೋಧನಾ ಸಂಸ್ಥೆಯವರು ಸಿಕಲ್ ಸೆಲ್‌ಗೆ (ಅನುವಂಶಿಕ ರಕ್ತದ ಕಾಯಿಲೆ) ಕ್ರಿಸ್ಪರ್ (ಜೀನ್ ತಿದ್ದುವ) ಚಿಕಿತ್ಸೆ ರೂಪಿಸಿ ಬಿರ್ಸಾ ಮುಂಡಾ ನೆನಪಲ್ಲಿ ಬಿರ್ಸಾ 101 ಅಂತ ಹೆಸರಿಟ್ಟಿದ್ದಾರೆ, ಸೀರಂ ಇನ್‌ಸ್ಟಿಟ್ಯೂಟ್ ಜೊತೆ ಒಪ್ಪಂದವೂ ಆಗಿದೆ. ಅದೇ ಕಾಯಿಲೆಗೆ ಅಮೆರಿಕದ ಕ್ಯಾಸ್‌ಜೆವಿ ಚಿಕಿತ್ಸೆಯ ಬೆಲೆ 22 ಲಕ್ಷ ಡಾಲರ್! ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಸಿಕಲ್ ಸೆಲ್ ಉಂಟು. ಅವರಿಗೆ ಯಾವುದು ಮುಟ್ಟೀತು, ನೀವೇ ಹೇಳಿ.

ಶೇರುಪೇಟೆ_ಶಂಕ್ರ
40 ಲಕ್ಷವೂ ಸೋಲಿಗರಿಗೆ ಮುಟ್ಟಲ್ಲ ಸ್ವಾಮಿ.

ಬಿಳಿಕೋಟು
ಸೋಲಿಗರಿಗೇಕೆ, ನಮ್ಮ ವಾರ್ಡಿಗೆ ಬರೋ ಹತ್ತರಲ್ಲಿ ಎಂಟು ಜನಕ್ಕೂ ಮುಟ್ಟಲ್ಲ. ಹಾಡಿಗಳಲ್ಲಿ ಸಿಕಲ್ ಸೆಲ್ ಇರೋ ಮಗುವಿಗೆ ಹೈಡ್ರಾಕ್ಸಿಯೂರಿಯಾ ಮಾತ್ರೆ ತಪ್ಪದೆ ಸಿಕ್ಕಿದ್ರೆ ಅದೇ ಇವತ್ತಿನ ದೊಡ್ಡ ಚಿಕಿತ್ಸೆ. ಎರಡೂ ನಡೀಬೇಕು, ಒಂದನ್ನ ತೋರಿಸಿ ಇನ್ನೊಂದನ್ನ ಮರೆಯಬಾರದು.

ಅಡಿಕೆಸಿಪ್ಪೆ
ಇಷ್ಟೊಂದು ಉತ್ತರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಕುಡ್ಲದ ಮೀನು ಕೇಳಿದ ಪ್ರಶ್ನೆಗೆ: ನಂಗೆ ವೆಕ್ಟರ್ ಡಿಸೈನ್ ಮೇಲೆ ಆಸೆ. ಎಎವಿಯ ಹೊರಕವಚ ಬದಲಾಯಿಸಿ ಲಿವರ್ ಬಿಟ್ಟು ಸ್ನಾಯುವಿಗೆ ಮಾತ್ರ ಹೋಗೋ ಹಾಗೆ ಮಾಡೋದು, ಅಂಥದ್ದು. ಹಾಗಾದ್ರೆ ಪಿಎಚ್‌ಡಿ ತಪ್ಪಲ್ಲ ಅಲ್ವಾ?

ಮತ್ತೆ ಇಲ್ಲೇ ಇದೇ ವಿಷಯದ ಎಂಎಸ್ಸಿ ಯಾವುದೂ ಇಲ್ವಾ?

ಪಿಪೆಟ್_ಪುಟ್ಟಣ್ಣ
ಹತ್ತಿರದ್ದು ಇವೆ. ಯಲಹಂಕ ಕಡೆ ಮಣಿಪಾಲದವರ ಎಂಐಆರ್‌ಎಂ ಇದೆ, ರಿಜನರೇಟಿವ್ ಮೆಡಿಸಿನ್ ಎಂಎಸ್ಸಿ. ಬೆಳಗಾವಿ ಕಡೆಯವರಾದ್ರೆ ಕೊಲ್ಲಾಪುರದ ಡಿ.ವೈ. ಪಾಟೀಲ್‌ನಲ್ಲಿ ಸ್ಟೆಮ್ ಸೆಲ್ ಎಂಎಸ್ಸಿ. ಸೇರೋ ಮುಂಚೆ ಒಂದೇ ಕೆಲಸ ಮಾಡಿ: ಲ್ಯಾಬ್ ನೋಡ್ಬೇಕು ಅಂತ ಕೇಳಿ ಹೋಗಿ, ಇನ್‌ಕ್ಯುಬೇಟರ್ ಬಾಗಿಲು ತೆಗೆಸಿ. ಒಳಗೆ ಫ್ಲಾಸ್ಕ್ ಇದ್ಯಾ, ಅದರ ಮೇಲೆ ಈ ವಾರದ ತಾರೀಕು ಇದ್ಯಾ ನೋಡಿ. ಖಾಲಿ ಇನ್‌ಕ್ಯುಬೇಟರ್ ಇಟ್ಕೊಂಡು ಬ್ರೋಷರ್ ಹೊಡೆಸಿರೋ ಕಾಲೇಜು ಬೇಕಾದಷ್ಟಿವೆ.

ಚಿಕ್ಕಪೇಟೆ_ಚಿನ್ನಮ್ಮ
ಇದು ನೂರಕ್ಕೆ ನೂರು. ನಾನು ಓದಿದ ಕಡೆ ಎರಡು ವರ್ಷ ಸೆಲ್ ಕಲ್ಚರ್ ಪವರ್‌ಪಾಯಿಂಟ್‌ನಲ್ಲೇ ಆಯ್ತು. ಫೀಸ್ ಮಾತ್ರ ಪ್ರಾಕ್ಟಿಕಲ್ ಆಗಿ ವಸೂಲಿ ಮಾಡಿದ್ರು.

ಅಂದ ಹಾಗೆ ಪುಟ್ಟಣ್ಣ, ಒಂದು ಡೌಟು. ಕ್ಲೀನ್ ರೂಮಿಗೆ ಕುಂಕುಮ ಇಟ್ಕೊಂಡು ಬಿಡಲ್ಲ ಅಂತಾರಲ್ಲ, ನಿಜಾನಾ? ನಮ್ಮತ್ತೆಗೆ ಇದನ್ನ ಹೇಗೆ ಹೇಳ್ಲಿ 😭

ಪಿಪೆಟ್_ಪುಟ್ಟಣ್ಣ
ನಿಜ. ಕುಂಕುಮ, ವಿಭೂತಿ, ಕಾಡಿಗೆ, ಪೌಡರ್ ಎಲ್ಲಾ ಪುಡಿ ಉದುರಿಸುತ್ತೆ. ಬಳೆ ಗ್ಲೌಸ್ ಹರಿಯುತ್ತೆ. ಬಳೆ ತೆಗೆದಿಟ್ಟು, ಮುಖ ತೊಳೆದು ಒಳಗೆ. ಎಲ್ಲಾ ಜಾತಿ ಧರ್ಮಕ್ಕೂ ಒಂದೇ ನಿಯಮ. ಸ್ಟಿಕ್ಕರ್ ಬಿಂದಿನೂ ಇಲ್ಲ, ಯಾರೋ ಕೇಳಿಯೇ ಕೇಳ್ತೀರಿ ಅಂತ ಮೊದಲೇ ಹೇಳಿದೆ.

ಹುಬ್ಬಳ್ಳಿ_ಮಿರ್ಚಿ
ಗಡ್ಡ?

ಪಿಪೆಟ್_ಪುಟ್ಟಣ್ಣ
ಗಡ್ಡಕ್ಕೆ ಬೇರೆ ಮಾಸ್ಕ್ ಇದೆ.

ಚಿಕ್ಕಪೇಟೆ_ಚಿನ್ನಮ್ಮ
ಗಡ್ಡಕ್ಕೆ ಮಾಸ್ಕ್ ಕೊಡ್ತಾರೆ, ಬಳೆಗೆ ಕೊಡಲ್ಲ. ಗಂಡಸರ ಪ್ರಪಂಚ!

ಕುಡ್ಲದ_ಮೀನು
@ಅಡಿಕೆಸಿಪ್ಪೆ ವೆಕ್ಟರ್ ಅಂತಾದ್ರೆ ಪಿಎಚ್‌ಡಿಯೇ. ಹಾಗಾದರೆ ಬೇಸಿಕ್ಸ್ ಗಟ್ಟಿ ಮಾಡಿ: ವೈರಾಲಜಿ, ಇಮ್ಯುನಾಲಜಿ, ಪ್ರೊಟೀನ್ ರಚನೆ. 1999ರಲ್ಲಿ ಅಮೆರಿಕದಲ್ಲಿ ಜೆಸ್ಸಿ ಗೆಲ್‌ಸಿಂಗರ್ ಅನ್ನುವ 18 ವರ್ಷದ ಹುಡುಗ ಅಡಿನೋವೈರಸ್ ವೆಕ್ಟರ್ ಕೊಟ್ಟ ನಾಲ್ಕನೇ ದಿನಕ್ಕೆ ತೀರಿಹೋದ, ಮೈಯ ರೋಗನಿರೋಧಕ ವ್ಯವಸ್ಥೆ ಕೆರಳಿದ್ದಕ್ಕೆ. ಆ ಪ್ರಶ್ನೆ ಇನ್ನೂ ಮುಗಿದಿಲ್ಲ. ಹೆಚ್ಚು ಡೋಸ್ ಎಎವಿ ಕೊಟ್ಟಾಗ ಲಿವರ್‌ಗೆ ಪೆಟ್ಟು ಬೀಳುವುದು ಇವತ್ತಿಗೂ ತಲೆನೋವು. ನೀವು ಹೇಳಿದ ಸ್ನಾಯುವಿಗೆ ಮಾತ್ರ ಹೋಗುವ ಕವಚ ಬೇಕಾದ್ದು ಅದಕ್ಕೇ. ಇದನ್ನು ಬರೋಡಾದಲ್ಲಿ ಓದಿದರೂ ಕಲಿಯಬಹುದು, ಲಂಡನ್‌ನಲ್ಲಿ ಓದಿದರೂ ಕಲಿಯದೆ ಇರಬಹುದು.

ಲಂಡನ್_ಲಿಂಗ
ಆ ಕೊನೇ ಮಾತು ಮಾತ್ರ ಒಪ್ಪಲ್ಲ. ಪಕ್ಕದ ಬೆಂಚಿನವರು ಏನು ಮಾಡ್ತಿದಾರೆ ಅನ್ನೋದರಿಂದಲೇ ಅರ್ಧ ಕಲಿಯೋದು. ಆದ್ರೆ 50 ಲಕ್ಷ ಕೊಟ್ಟು ಹೋಗೋದಕ್ಕಿಂತ ಪಿಎಚ್‌ಡಿಗೆ ಸಂಬಳ ತಗೊಂಡು ಹೋಗೋದು ಜಾಣತನ, ಅದಕ್ಕೆ ಸೈ. ಯುರೋಪಲ್ಲಿ ಎಷ್ಟೋ ಕಡೆ ಪಿಎಚ್‌ಡಿ ಅಂದ್ರೆ ನೌಕರಿಯೇ.

ಜಯನಗರ_ಜೋಡಿ
ಎಕ್ಸ್‌ಕ್ಯೂಸ್ ಮಿ, ವಿಷಯಾಂತರ. ನನ್ನ ಹೆಂಡ್ತಿಗೆ ಏಳು ತಿಂಗಳು. ಹೊಕ್ಕುಳಬಳ್ಳಿ ರಕ್ತ ಬ್ಯಾಂಕಲ್ಲಿ ಇಡಿ, ಮುಂದೆ ಮಗುವಿಗೆ ಯಾವ ಕಾಯಿಲೆ ಬಂದ್ರೂ ಸ್ಟೆಮ್ ಸೆಲ್‌ನಿಂದ ವಾಸಿ ಅಂತ ಒಬ್ಬರು ಬೆನ್ನು ಬಿದ್ದಿದಾರೆ. ಇಎಂಐ ಬೇರೆ ಮಾಡ್ಕೊಡ್ತಾರಂತೆ.

ಬಿಳಿಕೋಟು
ಬೇಡ. ಮಗುವಿಗೆ ಥಲಸೀಮಿಯಾದಂಥ ಜೆನೆಟಿಕ್ ಕಾಯಿಲೆ ಬಂತು ಅಂತಿಟ್ಕೊಳ್ಳಿ, ಆ ಬಳ್ಳಿ ರಕ್ತದಲ್ಲೂ ಅದೇ ಕೆಟ್ಟ ಜೀನ್ ಇರುತ್ತೆ. ಅದನ್ನೇ ವಾಪಸ್ ಹಾಕಿ ಏನು ಪ್ರಯೋಜನ? ಮುಂದೆ ತನಗೇ ಬೇಕಾಗಬಹುದು ಅಂತ ಇಡೋದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಐಸಿಎಂಆರ್ 2017ರ ಮಾರ್ಗಸೂಚಿಯಲ್ಲೇ ಇದೆ. ಮನೆಯಲ್ಲಿ ಈಗಾಗಲೇ ಇನ್ನೊಂದು ಮಗುವಿಗೆ ಕಸಿ ಬೇಕಾದಂಥ ಕಾಯಿಲೆ ಇದ್ರೆ ಮಾತ್ರ ಡಾಕ್ಟರ್ ಜೊತೆ ಮಾತಾಡಿ. ಹಾಗೇ ಆಟಿಸಂಗೆ, ಬೆನ್ನುಹುರಿಗೆ, ಡಯಾಬಿಟಿಸ್‌ಗೆ ಸ್ಟೆಮ್ ಸೆಲ್ ಚುಚ್ಚಿ ಲಕ್ಷ ಲಕ್ಷ ತಗೊಳ್ಳೋರನ್ನ ದೂರ ಇಡಿ. ಅಂಥದ್ದು ನಡೆಯೋದಾದ್ರೆ ಒಪ್ಪಿಗೆ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ, ಟ್ರಯಲ್‌ಗೆ ರೋಗಿ ಹತ್ರ ದುಡ್ಡು ತಗೊಳ್ಳಂಗಿಲ್ಲ. ದುಡ್ಡು ಕೇಳಿದ್ರು ಅಂದ್ರೆ ಎದ್ದು ಬನ್ನಿ.

ಜಯನಗರ_ಜೋಡಿ
ಮುಂಗಡ 5,000 ಕೊಟ್ಟಾಗಿದೆ ಡಾಕ್ಟ್ರೇ.

ಹುಬ್ಬಳ್ಳಿ_ಮಿರ್ಚಿ
ಇಎಂಐ ಮ್ಯಾಂಡೇಟಿಗೆ ಸಹಿ ಮಾಡೀರೇನು? ಮಾಡಿದ್ರ ಇವತ್ತ ನಿಮ್ಮ ಬ್ಯಾಂಕಿಗೆ ಹೋಗಿ ಕ್ಯಾನ್ಸಲ್ ಮಾಡಸ್ರಿ. ಐದ ಸಾವಿರ ಹೋದ್ರ ಹೋತು.

ನಿರ್ವಾಹಕ
ಬಳ್ಳಿ ರಕ್ತದ ಚರ್ಚೆಗೆ ಬೇರೆ ಎಳೆ ತೆರೆದಿದ್ದೇನೆ, ಅಲ್ಲಿ ಮುಂದುವರಿಸಿ. ಗಡ್ಡ-ಬಳೆ ಚರ್ಚೆಗೆ ಎಲ್ಲೂ ಬೇಡ.

ಅಡಿಕೆಸಿಪ್ಪೆ
ಅಪ್ಪನ ಹತ್ರ ಮಾತಾಡಿದೆ. ತೋಟದ ಪತ್ರ ತಗೊಂಡು ಬ್ಯಾಂಕಿಗೆ ಹೋಗಿ ಬಂದ್ರು, ಮಿರ್ಚಿ ಸರ್ ಹೇಳಿದ್ದನ್ನೇ ಅವರೂ ಹೇಳಿದ್ರಂತೆ. ಸದ್ಯಕ್ಕೆ ಗ್ಯಾಟ್-ಬಿ ಕೌನ್ಸೆಲಿಂಗ್‌ನಲ್ಲಿ ಬರೋಡಾ ಮೊದಲು ಹಾಕ್ತಿದೀನಿ. ಮುಂದಿನ ಸಲ ಜೀಬಿಲ್ಸೂ ಬರೀತೀನಿ. ಲಂಡನ್ ಆಫರ್ ಒಂದು ವರ್ಷ ಮುಂದೂಡೋಕೆ ಆಗುತ್ತಾ ಅಂತ ಮೇಲ್ ಹಾಕಿದೀನಿ, ಡೆಪಾಸಿಟ್ ಇನ್ನೂ ಕಟ್ಟಿಲ್ಲ. ಅಮ್ಮಂಗೆ ಮಾತ್ರ ಬೇಜಾರು, ಊರಲ್ಲೆಲ್ಲ ಹೇಳ್ಕೊಂಡು ಬಂದ್ಬಿಟ್ಟಿದಾರೆ.

ಲಂಡನ್_ಲಿಂಗ
ಮುಂದೂಡಿದ್ರೆ ಹೊಸ ವರ್ಷದ ಫೀಸು ಅನ್ವಯ ಆಗೋ ಸಾಧ್ಯತೆ ಇದೆ, ಉತ್ತರ ಬಂದಾಗ ಅದನ್ನ ಬರವಣಿಗೆಯಲ್ಲಿ ಕೇಳಿ. ಕಾಮನ್‌ವೆಲ್ತ್ ಸ್ಕಾಲರ್‌ಶಿಪ್‌ಗೆ ಈ ಸಲ ಅರ್ಜಿ ಹಾಕಿ. ಚೀವ್ನಿಂಗ್‌ಗೆ ಎರಡು ವರ್ಷ ಕೆಲಸದ ಅನುಭವ ಬೇಕು, ಆಮೇಲೆ ನೋಡ್ಬಹುದು.

ಮೂಲೆಮನೆ_ಮಂಜ
ನನ್ನ ತಂಗಿ ಎಸ್‌ಸಿ ಕೋಟಾ. ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯಲ್ಲಿ ಹೊರದೇಶದ ಎಂಎಸ್ಸಿಗೆ ದುಡ್ಡು ಕೊಡ್ತಾರೆ ಅಂತ ಕೇಳಿದೀನಿ. ಯಾರಾದ್ರೂ ತಗೊಂಡಿದ್ರೆ ದಾಖಲೆ ಏನೇನು ಬೇಕು ಹೇಳ್ತೀರಾ? ಆದಾಯ ಪತ್ರ ಹಳೇದಾಗಿದೆ.

ಹುಬ್ಬಳ್ಳಿ_ಮಿರ್ಚಿ
ಆದಾಯ ಪತ್ರ ಮೊದಲ ಹೊಸಾದು ಮಾಡಸ್ರಿ, ನಾಡಕಚೇರಿಗೆ ನಾಳೇನ ಹೋಗ್ರಿ. ಉಳಿದದ್ದು ಆಮ್ಯಾಲ.